ಕ್ಲಚ್ಚಿನ ನಾಳವೂ ಅಧಿಕಾರವಿಚಾರವೂ

ತನ್ನ ವಸ್ತುವನ್ನು ತಾನೇ ದುರಸ್ತು ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು? ಮಂಚದ ಮುರಿದ ಕಾಲನ್ನು ಜೋಡಿಸುವವನನ್ನು ಈ ಪ್ರಶ್ನೆ ಯಾರೂ ಕೇಳರು. ಮಂಚವು ಮತ್ತೆ ಮುರಿದರೆ ಬೀಳುವವನು ಅವನೇ. ಮನೆಯ ಮುಂದೆ ನಿಂತಿರುವ ಮೋಟಾರು ಕಾರು ಆ ಜಾತಿಯ ವಸ್ತುವಲ್ಲ. ಕಾರು ಒಡೆಯನದಾದರೂ ಅದು ಓಡುವ ಹಾದಿ ಎಲ್ಲರದು. ಹಾಗಿರುವಲ್ಲಿ, ಕ್ಲಚ್ಚಿನ ಎಣ್ಣೆಯ ನಾಳವು ಸೋರತೊಡಗಿದಾಗ ಗೃಹಸ್ಥನೊಬ್ಬನು ಭಾನುವಾರದ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಅದನ್ನು ತಾನೇ ಬದಲಾಯಿಸುವುದು ಯುಕ್ತವೋ ಅಯುಕ್ತವೋ ಎಂಬುದು ಮೇಲ್ನೋಟಕ್ಕೆ ತೋರುವಷ್ಟು ಹಗುರವಾದ ವಿಚಾರವಲ್ಲ.

ಕರ್ಮಕ್ಕೆ ಅಧಿಕಾರಿ ಯಾರೆಂದು ಚರ್ಚಿಸುವ ಮೀಮಾಂಸಕರು ಅರ್ಥಿತ್ವ, ಸಾಮರ್ಥ್ಯ, ವಿದ್ವತ್ತೆ ಎಂಬ ಲಕ್ಷಣಗಳನ್ನು ಹೇಳಿ, ಆ ಕರ್ಮಕ್ಕೆ ಅವನು ನಿಷಿದ್ಧನಾಗಿರಕೂಡದೆಂಬುದನ್ನೂ ಸೇರಿಸುತ್ತಾರೆ. ಅವರು ಆಡಿದ್ದು ಯಜ್ಞದ ಮಾತು. ಆದರೂ ಆ ಅಳತೆಗೋಲು ಇಲ್ಲಿಗೂ ಒಗ್ಗುತ್ತದೆ. ಅರ್ಥಿತ್ವಕ್ಕೇನೂ ಕೊರತೆಯಿಲ್ಲ, ಕೂಲಿ ಉಳಿಯುವುದಾದರೆ ಯಾರಿಗೆ ಬೇಡ? ಸಾಮರ್ಥ್ಯವೆಂದರೆ ಸಮನಾದ ನೆಲ, ನಟ್ಟಿನ ಮೂಲೆಗಳನ್ನು ಸವೆಸದ ಸ್ಪ್ಯಾನರ್, ನಡುಗದ ಕೈ. ತೊಡಕಿರುವುದು ವಿದ್ವತ್ತೆಯಲ್ಲಿ.

ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಎಣ್ಣೆಯನ್ನು ನೂಕುತ್ತದೆ. ಆ ಒತ್ತಡವು ನಾಳದ ಮೂಲಕ ಗೇರುಪೆಟ್ಟಿಗೆಯ ಬಳಿಯಿರುವ ಸ್ಲೇವ್ ಸಿಲಿಂಡರನ್ನು ಮುಟ್ಟಿ ಕ್ಲಚ್ಚನ್ನು ಬಿಡಿಸುತ್ತದೆ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದೆಡೆ ಹೇರಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಈ ತತ್ತ್ವವನ್ನು ವಿವರಿಸಿದ ಫ್ರಾನ್ಸಿನ ಪಾಸ್ಕಲನು 1662ರಲ್ಲಿ ತೀರಿಕೊಂಡನು. ಅವನ ಗ್ರಂಥವು ಅಚ್ಚಾದದ್ದು 1663ರಲ್ಲಿ. ಎಣ್ಣೆ ಅಮುಕಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆದುದರಿಂದ ನಾಳದಲ್ಲಿ ಒಂದು ಗುಳ್ಳೆ ಉಳಿದರೂ ಕಾಲಿನ ಶ್ರಮವನ್ನು ಅದೇ ನುಂಗಿಬಿಡುತ್ತದೆ.

ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಎಣ್ಣೆಯ ಬಟ್ಟಲು ಒಂದೇ. ಕ್ಲಚ್ಚಿಗೆ ಹೋಗುವ ಕೊಳವೆಯ ಬಾಯನ್ನು ಬಟ್ಟಲಿನಲ್ಲಿ ಎತ್ತರಕ್ಕೆ ಇಟ್ಟಿರುತ್ತಾರೆ. ಕ್ಲಚ್ಚಿನ ನಾಳ ಒಡೆದರೆ ಎಣ್ಣೆಯು ಆ ಬಾಯಿಯ ಮಟ್ಟಕ್ಕೆ ಮಾತ್ರ ಇಳಿದು, ಬ್ರೇಕಿನ ಪಾಲು ಉಳಿಯಲೆಂದು ಈ ಏರ್ಪಾಡು. ಎಂದೂ ಕಣ್ಣಾರೆ ಕಾಣದವರ ಜೀವವನ್ನು ನೆನೆದು ಯಾರೋ ಒಬ್ಬನು ಗೆರೆಯೆಳೆದಿದ್ದಾನೆ. ತಿಳಿಯದ ಗೃಹಸ್ಥನು ಅದೇ ಬಟ್ಟಲಿಗೆ ಎಂಜಿನ್ನಿನ ಎಣ್ಣೆಯನ್ನು ಹೊಯ್ದನೆಂದರೆ ಒಳಗಿನ ರಬ್ಬರು ಉಬ್ಬಿ, ಕ್ಲಚ್ಚಿನೊಡನೆ ಬ್ರೇಕೂ ಕೆಡುತ್ತದೆ. ಅಜ್ಞಾನವು ಇಲ್ಲಿ ಒಂದು ತಪ್ಪಿಗೆ ನಿಲ್ಲುವುದಿಲ್ಲ.

ತಿಳಿದವನಿಗೂ ಪರೀಕ್ಷೆ ತಪ್ಪದು. ಕಪಾಟಿನಲ್ಲಿ ಹೋದ ವರ್ಷ ಬಿರಡೆ ತೆಗೆದ ಅರ್ಧ ಬಾಟಲಿ ಬ್ರೇಕ್ ಆಯಿಲ್ ಇದೆ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಎಂಬ ತರಗತಿಯದು ಹೊಸದಾಗಿರುವಾಗ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಲ್ಲಿ ಕುದಿಯಕೂಡದೆಂಬ ನಿಯಮವಿದೆ, ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಬಟ್ಟಲು ಒಂದೇ ಆದ ಮೇಲೆ ಈ ಎಣ್ಣೆ ಬ್ರೇಕಿಗೂ ಹೋಗುವುದಷ್ಟೆ. ಹಳೆಯದನ್ನೇ ಹೊಯ್ದರೆ ಯಾರಿಗೆ ಗೊತ್ತಾಗಬೇಕು? ಕೆಲವು ವಾಹನಗಳಲ್ಲಿ ನಾಳದ ಕೂಡಿಕೆಗೆ ತಾಮ್ರದ ವಾಷರುಗಳಿರುತ್ತವೆ. ಒಮ್ಮೆ ಬಿಗಿದು ಚಪ್ಪಟೆಯಾದವನ್ನೇ ಮತ್ತೆ ಹಾಕಿದರೂ ನೋಡುವವರಿಲ್ಲ. ಗ್ಯಾರೇಜಿನವನಿಗೂ ಈ ಆಸೆ ಉಂಟು. ವೃತ್ತಿಯೆಂಬುದರಿಂದಲೇ ಅಧಿಕಾರ ಬಂದುಬಿಡುವುದಿಲ್ಲ. (ತೆಗೆದ ಎಣ್ಣೆಯನ್ನು ಮೋರಿಗೆ ಸುರಿಯುವ ಜಾಣರ ಮಾತು ಬೇರೆ, ಅದು ವಿಷವೆಂಬುದನ್ನು ಅವರು ಅರಿಯರು.)

ಹೊಸ ನಾಳ ಹಾಕಿದ ಮೇಲೆ ಗಾಳಿ ತೆಗೆಯಬೇಕು. ಅದಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು. ಮಗನು ಪೆಡಲಿನ ಮೇಲೆ, ತಂದೆ ಕಾರಿನ ಅಡಿಯಲ್ಲಿ. “ತುಳಿದೆಯೇನೋ?” “ತುಳಿದೆನಪ್ಪಾ.” ಆಗ ತಂದೆಯು ನಿಪ್ಪಲನ್ನು ಸಡಿಲಿಸುತ್ತಾನೆ, ಗುಳ್ಳೆಗಳೊಡನೆ ಎಣ್ಣೆ ಹೊರಬರುತ್ತದೆ, ಅದನ್ನು ಮತ್ತೆ ಬಿಗಿದ ಮೇಲೆಯೇ “ಬಿಡು” ಎನ್ನುತ್ತಾನೆ. ಮೊದಲೇ ಕಾಲೆತ್ತಿದರೆ ಗಾಳಿಯು ಹಿಂದಿರುಗುತ್ತದೆ. ಮೇಲಿನವನಿಗೆ ಗುಳ್ಳೆ ಕಾಣದು, ಕೆಳಗಿನವನಿಗೆ ಕಾಲು ಕಾಣದು. ನಡುವೆ ಇರುವುದು ಮಾತೊಂದೇ. ಇಪ್ಪತ್ತನೆಯ ಸಲಕ್ಕೆ ಮಗನಿಗೆ ಬೇಸರ, ತಂದೆಗೆ ಕತ್ತುನೋವು. ಸಾಕೆನಿಸುವುದು ಆಗಲೇ.

ಸ್ಲೇವ್ ಸಿಲಿಂಡರು ಗೇರುಪೆಟ್ಟಿಗೆಯ ಒಳಗೇ ಅಡಗಿರುವ ಕಾರುಗಳಲ್ಲಿ ಸೋರಿಕೆ ಅಲ್ಲಿಯೇ ಇದ್ದರೆ, ಗೇರುಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ. ತಕ್ಕ ಸಲಕರಣೆಯಿಲ್ಲದ ಗೃಹಸ್ಥನು ಆ ಕರ್ಮಕ್ಕೆ ನಿಷಿದ್ಧನೆಂದೇ ತಿಳಿಯತಕ್ಕದ್ದು.

ಇನ್ನು ಕಡೆಯ ಪ್ರಶ್ನೆ. ತೀರ್ಥಹಳ್ಳಿಯ ಕಡೆಯ ಗೃಹಸ್ಥನೊಬ್ಬನು ನಾಳವನ್ನು ಹೀಗೆ ಬದಲಾಯಿಸಿದನೆನ್ನೋಣ. ಸಂಜೆ ಅಕ್ಕನ ಗಂಡನು ಬಂದು, ಮಕ್ಕಳೊಡನೆ ನಾಳೆ ಉಡುಪಿಗೆ ಹೋಗಲು ಕಾರು ಕೇಳುತ್ತಾನೆ. ಹಾದಿ ಆಗುಂಬೆಯ ಘಾಟಿಯದು. ಇಳಿಜಾರು, 14 ಕಡಿದಾದ ತಿರುವು. ಪೆಡಲು ಹಿಡಿಯುತ್ತದೆ, ಗೇರು ಬೀಳುತ್ತದೆ. ಆದರೂ ತುಳಿತದ ಮೊದಲಲ್ಲಿ ಒಂದಿಷ್ಟು ಮೆತ್ತಗೆ ಎನಿಸುತ್ತದೆ. ದೋಷವಿದೆಯೆಂದು ನಿಶ್ಚಯವಿಲ್ಲ. ನಿಶ್ಚಯವಿಲ್ಲದ್ದನ್ನು ಹೇಳಿ ಬಂಧುವಿನ ಮನಸ್ಸನ್ನು ಏಕೆ ಕೆಡಿಸಬೇಕೆಂಬ ವಾದವುಂಟು. ಆ ವಾದವು ನಿಲ್ಲದು. ತನಗೆ ತಿಳಿದಿರುವುದು ಸಂದೇಹವಾದರೆ ಆ ಸಂದೇಹವೇ ಹೇಳತಕ್ಕ ಸತ್ಯ. ಕೇಳುವವನು ಕಾರನ್ನು ಬಲ್ಲನೇ ಹೊರತು, ಅದರ ಅಡಿಯಲ್ಲಿ ಕಳೆದ ಆ ಭಾನುವಾರವನ್ನು ಬಲ್ಲವನಲ್ಲ. ಭಾವನು ಮುನಿದಾನು, ಲೋಭಿಯೆಂದೂ ಅಂದುಕೊಂಡಾನು. ಆದರೂ “ಭಾವ, ನಾಳವನ್ನು ನಾನೇ ಹಾಕಿದ್ದು, ಪೆಡಲು ಇನ್ನೂ ಕೊಂಚ ಮೆತ್ತಗಿದೆ. ನಾಳೆಗೆ ಬೇರೆ ಗಾಡಿ ಗೊತ್ತುಮಾಡಿಕೊಳ್ಳಿ. ಇನ್ನೊಮ್ಮೆ ಗಾಳಿ ತೆಗೆದು, ನಾಲ್ಕು ದಿನ ಊರೊಳಗೆ ಓಡಿಸಿ ನೋಡಿ ಕೊಡುತ್ತೇನೆ” ಎಂದು ಅವನು ಆಗಲೇ, ಬೀಗದ ಕೈಯನ್ನು ಕೊಡುವ ಮೊದಲೇ ಹೇಳಬೇಕು.