ಕಥೆಯ ಋಣ ಯಾರಿಗೆ ಸಲ್ಲಬೇಕು?

ಮಾಂಗಾವನ್ನು ಆಧರಿಸಿ, ನಟನಟಿಯರನ್ನಿಟ್ಟುಕೊಂಡು ತೆಗೆದ ಸಿನಿಮಾ ಅಥವಾ ಧಾರಾವಾಹಿಯನ್ನು ಜಪಾನೀಯರು ‘ಜಿಸ್ಶಾ’ ಎನ್ನುತ್ತಾರೆ. ಆ ಪದದ ಮೊದಲ ಅಕ್ಷರಕ್ಕೆ ‘ನಿಜ’ ಎಂದು ಅರ್ಥ, ಎರಡನೆಯದಕ್ಕೆ ‘ಪಡಿಯಚ್ಚು ತೆಗೆ’ ಎಂದು. ಕಾಗದದ ಮೇಲೆ ಮಸಿಯಲ್ಲಿದ್ದ ಹುಡುಗನಿಗೆ ರಕ್ತಮಾಂಸ ಬಂದರೆ ಅವನು ಇನ್ನಷ್ಟು ನಿಜವಾಗಬೇಕು. ಆದರೆ ಓದುಗರಿಗೆ ಬಹಳ ಸಲ ಅನ್ನಿಸುವುದು ಇದಕ್ಕೆ ತಿರುಗಾಮುರುಗಾ: ಇವನು ಅವನಲ್ಲ. 2009ರಲ್ಲಿ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ ಬಂದಾಗ ಅಭಿಮಾನಿಗಳು ಹೀಗೆಯೇ ಸಿಟ್ಟಾದರು. ಅದರ ಚಿತ್ರಕಥೆ ಬರೆದವರು 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ನನ್ನನ್ನು ಕಾಡುವುದು ಆ ಸಿನಿಮಾ ಅಲ್ಲ, ಆ ಕ್ಷಮೆ. ಕಥೆಯೊಂದನ್ನು ಕೆಡಿಸಿದವರು ಕ್ಷಮೆ ಕೇಳಬೇಕಾದದ್ದು ಯಾರಲ್ಲಿ? ಟಿಕೆಟ್ ಕೊಂಡವರಲ್ಲೋ, ಕಥೆ ಬರೆದವರಲ್ಲೋ, ಕಥೆಯಲ್ಲೋ?

ರೂಪಾಂತರವನ್ನು ಅಧ್ಯಯನದ ವಿಷಯವಾಗಿ ಆರಿಸಿಕೊಂಡ ನನ್ನಂಥವರಿಗೆ ಮೊದಲೇ ಒಂದು ಪಾಠ ಸಿಗುತ್ತದೆ: ‘ನಿಷ್ಠೆ’ ಎಂಬ ಪದವನ್ನು ಬದಿಗಿಡಿ. ಲಿಂಡಾ ಹಚಿಯನ್ ಅವರ 2006ರ ‘ಎ ಥಿಯರಿ ಆಫ್ ಅಡಾಪ್ಟೇಷನ್’ ಓದಿದವರಿಗೆ ಈ ವಾದ ಗೊತ್ತು. ರೂಪಾಂತರ ಎನ್ನುವುದು ನಕಲಲ್ಲ, ಅದೂ ಒಂದು ಸೃಷ್ಟಿ. ಅದನ್ನು ಮೂಲದ ಪಕ್ಕದಲ್ಲಿಟ್ಟು ಅಂಕ ಕೊಡುವುದು ಬಡ ವಿಮರ್ಶೆ. ಮಾಂಗಾದ ಮಟ್ಟಿಗೆ ಈ ಮಾತು ಇನ್ನಷ್ಟು ಸರಿ. ಮಾಂಗಾದಲ್ಲಿ ಕಾಲ ಓದುಗನ ಕೈಯಲ್ಲಿರುತ್ತದೆ. ಒಂದು ಚೌಕದ ಮುಂದೆ ಹತ್ತು ನಿಮಿಷ ಕೂತರೂ ಯಾರೂ ಕೇಳುವುದಿಲ್ಲ. ಎರಡು ಚೌಕಗಳ ನಡುವಿನ ಬಿಳಿಯ ಖಾಲಿಯಲ್ಲಿ ಏನಾಯಿತೆಂಬುದನ್ನು ಓದುಗನೇ ತುಂಬಿಕೊಳ್ಳುತ್ತಾನೆ. ಸಿನಿಮಾದಲ್ಲಿ ಕಾಲ ಸಂಕಲನಕಾರನದ್ದು. ಹೀಗಿರುವಾಗ ಮೂಲವನ್ನು ಹಾಗೆಯೇ ತರುವುದೆಂದರೇನು?

‘ಡೆತ್ ನೋಟ್’ ಇದಕ್ಕೆ ಒಳ್ಳೆಯ ಉದಾಹರಣೆ. ತ್ಸುಗುಮಿ ಓಬಾ ಬರೆದು ತಕೇಶಿ ಒಬಾತಾ ಚಿತ್ರಿಸಿದ ಈ ಮಾಂಗಾ 2003ರಿಂದ 2006ರವರೆಗೆ ಬಂತು. ಹೆಸರು ಬರೆದರೆ ಸಾಕು, ಆ ಮನುಷ್ಯ ಸಾಯುವಂಥ ಪುಸ್ತಕವೊಂದು ಲೈಟ್ ಎಂಬ ಜಾಣ ಹುಡುಗನಿಗೆ ಸಿಗುತ್ತದೆ. ಅವನು ಅಪರಾಧಿಗಳ ಹೆಸರು ಬರೆಯುತ್ತ ಹೋಗುತ್ತಾನೆ. ಅವನನ್ನು ಹಿಡಿಯಲು ಎಲ್ ಎಂಬ ಪತ್ತೇದಾರ ಹೊರಡುತ್ತಾನೆ. 2006ರಲ್ಲಿ ಶೂಸುಕೆ ಕಾನೆಕೊ ಇದನ್ನು ಎರಡು ಸಿನಿಮಾಗಳಾಗಿ ತೆಗೆದರು. ಮಾಂಗಾದಲ್ಲಿ ಎಲ್ ಕಥೆಯ ನಡುವೆಯೇ ಸೋತು ಸಾಯುತ್ತಾನೆ. ಕಾನೆಕೊ ಇದನ್ನು ಬದಲಿಸಿದರು. ಸಿನಿಮಾದ ಎಲ್ ಆ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಮೊದಲೇ ಬರೆದುಕೊಂಡಿರುತ್ತಾನೆ. ತನ್ನ ಸಾವನ್ನು ತಾನೇ ಗೊತ್ತುಮಾಡಿಕೊಂಡು, ಉಳಿದ ದಿನಗಳಲ್ಲಿ ಲೈಟ್‌ನನ್ನು ಹಿಡಿಯುತ್ತಾನೆ. 2017ರಲ್ಲಿ ಆಡಮ್ ವಿಂಗಾರ್ಡ್ ನೆಟ್‌ಫ್ಲಿಕ್ಸ್‌ಗಾಗಿ ಅದೇ ಕಥೆಯನ್ನು ಸಿಯಾಟಲ್‌ಗೆ ಒಯ್ದರು. ಅಲ್ಲಿನ ಲೈಟ್ ಹೆದರುಪುಕ್ಕಲ. ಗೆಳತಿಯ ಎಳೆತಕ್ಕೆ ಸಿಕ್ಕಿ ಮುಂದೆ ಸಾಗುತ್ತಾನೆ.

ಇಬ್ಬರೂ ಮೂಲವನ್ನು ಬದಲಿಸಿದರು. ಆದರೆ ಎರಡೂ ಒಂದೇ ಬಗೆಯ ಬದಲಾವಣೆಗಳಲ್ಲ. ಮಾಂಗಾ ಕೇಳುವ ಪ್ರಶ್ನೆ ಒಂದೇ: ನ್ಯಾಯ ತನಗೆ ಗೊತ್ತು ಎಂದು ತಣ್ಣಗೆ ನಂಬಿದವನ ಕೈಗೆ ಕೊಲ್ಲುವ ಶಕ್ತಿ ಬಂದರೆ ಏನಾದೀತು? ಕಾನೆಕೊ ಉತ್ತರದ ಕಡೆಯ ಸಾಲನ್ನು ತಿದ್ದಿದರು, ಪ್ರಶ್ನೆಯನ್ನು ಉಳಿಸಿಕೊಂಡರು. ಇತರರ ಹೆಸರು ಬರೆಯುವವನ ಎದುರು ತನ್ನ ಹೆಸರು ಬರೆದುಕೊಳ್ಳುವವನನ್ನು ನಿಲ್ಲಿಸಿದ್ದರಿಂದ ಪ್ರಶ್ನೆ ಇನ್ನಷ್ಟು ಹರಿತವೂ ಆಯಿತು. ವಿಂಗಾರ್ಡ್‌ರ ಲೈಟ್‌ಗೆ ಆ ತಣ್ಣನೆಯ ನಂಬಿಕೆಯೇ ಇಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ. ಪಾರ್ಕ್ ಚಾನ್-ವೂಕ್‌ರ ‘ಓಲ್ಡ್‌ಬಾಯ್’ (2003) ಇನ್ನೂ ದೂರ ಹೋಯಿತು. ಕಾರಣ ತಿಳಿಯದೆ ವರ್ಷಗಟ್ಟಲೆ ಕೂಡಿಹಾಕಲ್ಪಟ್ಟ ಮನುಷ್ಯನನ್ನು ಜಪಾನಿನ ಮಾಂಗಾದಿಂದ ತೆಗೆದುಕೊಂಡು, ಸೇಡಿನ ಕಾರಣವನ್ನೇ ಬೇರೆ ಮಾಡಿ, ಮಾಂಗಾದಲ್ಲಿ ಇಲ್ಲದ ಭೀಕರ ಸತ್ಯವೊಂದನ್ನು ಕೊನೆಗಿಟ್ಟಿತು. 2004ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾನ್ ಪ್ರಿ ಪಡೆಯಿತು. ಅದನ್ನು ದ್ರೋಹ ಎಂದವರು ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ತೀರ್ಮಾನ ಸುಲಭ: ಋಣ ಕಥೆಯ ಪ್ರಶ್ನೆಗೆ, ಅದರ ವಿವರಗಳಿಗಲ್ಲ. ನಾನೂ ಬಹುಕಾಲ ಇದೇ ಮಾತನ್ನು ಹೇಳಿಕೊಂಡು ಓಡಾಡಬಹುದಿತ್ತು. ಆದರೆ 2024ರ ಜನವರಿಯ ನಂತರ ಈ ಮಾತು ಸಾಲದು ಅನ್ನಿಸುತ್ತದೆ.

ಹಿನಾಕೊ ಅಶಿಹಾರಾ ಅವರ ‘ಸೆಕ್ಸಿ ತನಾಕಾ-ಸಾನ್’ ಮಾಂಗಾದ ನಾಯಕಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ಯಾರ ಕಣ್ಣಿಗೂ ಬೀಳದ, ನಲವತ್ತರ ಹೆಂಗಸು. ರಾತ್ರಿ ಆಕೆ ಬೆಲ್ಲಿ ಡಾನ್ಸ್ ಮಾಡುತ್ತಾಳೆ. ಬಗ್ಗಿ ನಡೆಯುತ್ತಿದ್ದವಳು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಕಥೆ ಅದು. 2023ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಿಪ್ಪೊನ್ ಟಿವಿಯಲ್ಲಿ ಧಾರಾವಾಹಿಯಾಗಿ ಬಂತು. ಮಾಂಗಾ ಆಗ ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ಅಶಿಹಾರಾ ಷರತ್ತು ಹಾಕಿದ್ದರು: ಧಾರಾವಾಹಿ ಮಾಂಗಾಕ್ಕೆ ನಿಷ್ಠವಾಗಿರಬೇಕು, ಮಾಂಗಾ ಇನ್ನೂ ತಲುಪದ ಕೊನೆಯ ಭಾಗಕ್ಕೆ ಹೂರಣವನ್ನು ತಾವೇ ಕೊಡುತ್ತೇವೆ. ಹತ್ತು ಕಂತುಗಳಲ್ಲಿ ಕೊನೆಯ ಎರಡರ ಚಿತ್ರಕಥೆಯನ್ನು ಅವರೇ ಬರೆಯಬೇಕಾಗಿ ಬಂತು. ಇದರ ಹಿನ್ನೆಲೆಯನ್ನು ಅವರು ಜನವರಿಯಲ್ಲಿ ಸಾರ್ವಜನಿಕವಾಗಿ ವಿವರಿಸಿದರು. ಜಾಲತಾಣಗಳಲ್ಲಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನಂತರ ವಾಹಿನಿಯೂ ಪ್ರಕಾಶಕರಾದ ಶೋಗಾಕುಕಾನ್ ಕೂಡ ತಂತಮ್ಮ ತನಿಖಾ ವರದಿ ಹೊರತಂದವು. ಷರತ್ತು ಯಾರಿಗೆ, ಎಷ್ಟು ಸ್ಪಷ್ಟವಾಗಿ ತಲುಪಿತ್ತು ಎಂಬಲ್ಲಿ ಎರಡರ ಮಾತೂ ಒಂದಾಗುವುದಿಲ್ಲ.

ಒಂದು ಸಾವಿಗೆ ಒಂದೇ ಕಾರಣವನ್ನು ಗಂಟುಹಾಕುವುದು ಸಲ್ಲದು. ಆದರೆ ಅಶಿಹಾರಾ ಕೇಳಿದ್ದೇನು ಎಂಬುದನ್ನು ಗಮನಿಸಬೇಕು. ಅವರು ರಕ್ಷಿಸಲು ಹೊರಟದ್ದು ಪವಿತ್ರ ಗ್ರಂಥವೊಂದನ್ನಲ್ಲ, ಇನ್ನೂ ಕೈಯಲ್ಲಿ ಅರ್ಧ ನೇಯ್ದಿದ್ದ ಬಟ್ಟೆಯನ್ನು. ಬೇರೆ ಯಾರೋ ತನಾಕಾ-ಸಾನ್‌ಗೆ ಒಂದು ಕೊನೆಯನ್ನು ಕಟ್ಟಿಬಿಟ್ಟರೆ, ಬರೆಯುವವಳ ಮುಂದಿನ ದಾರಿಯೇ ಕೆಡುತ್ತದೆ. ‘ಪಠ್ಯಕ್ಕೆ ನಿಷ್ಠೆ ಬೇಡ’ ಎನ್ನುವ ನಮ್ಮ ಸಿದ್ಧಾಂತದ ಮುಂದೆ ಇರುವುದು ಮುಗಿದ ಪಠ್ಯ. ಮುಗಿಯದ ಕಥೆಯ ಹಿಂದೆ ಒಬ್ಬ ಮನುಷ್ಯಳಿದ್ದಾಳೆ, ಅವಳಿಗೆ ಕೊಟ್ಟ ಮಾತೊಂದಿದೆ. ಆ ಮಾತಿಗೆ ನಡೆದುಕೊಳ್ಳುವುದು ಸೌಂದರ್ಯದ ಪ್ರಶ್ನೆಯಲ್ಲ, ನೀತಿಯದು.

ನಮ್ಮ ಪರಂಪರೆಯನ್ನು ಮುಂದಿಟ್ಟು ಯಾರಾದರೂ ಇದಕ್ಕೆ ಆಕ್ಷೇಪ ಎತ್ತಬಹುದು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದಾಗ ಯಾರ ಅಪ್ಪಣೆ ಕೇಳಿದ್ದ? ನಿಜ. ಆದರೆ ವ್ಯಾಸ ಮುಂದಿನ ವಾರದ ಕಂತು ಬರೆಯುತ್ತ ಕೂತಿರಲಿಲ್ಲ. ಎದುರಿಗೇ ಇದ್ದ ಲೇಖಕನ ನೋವು ಎಂಥದ್ದೆಂದು ತಿಳಿಯಲು ಪುಟ್ಟಣ್ಣನವರ ‘ನಾಗರಹಾವು’ ನೋಡಿದ ತರಾಸು ಅದನ್ನು ಕೇರೆಹಾವು ಮಾಡಿದ್ದಾರೆ ಎಂದ ಪ್ರಸಿದ್ಧ ಪ್ರಸಂಗ ಸಾಕು. ಆ ಸಿನಿಮಾವನ್ನು ನಾವು ಇಂದಿಗೂ ಪ್ರೀತಿಸುತ್ತೇವೆ. ಸಿನಿಮಾ ಚೆನ್ನಾಗಿದೆ ಎಂಬುದೂ ನಿಜ, ಲೇಖಕನಿಗೆ ನೋವಾಯಿತು ಎಂಬುದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಜಪಾನಿನ 1970ರ ಹಕ್ಕುಸ್ವಾಮ್ಯ ಕಾಯ್ದೆಯ 20ನೇ ಕಲಂ ಕೃತಿಯನ್ನು ತನ್ನ ಇಚ್ಛೆಗೆ ವಿರುದ್ಧವಾಗಿ ತಿರುಚದಂತೆ ತಡೆಯುವ ಹಕ್ಕನ್ನು ಲೇಖಕರಿಗೆ ಕೊಡುತ್ತದೆ. ಅದನ್ನು ಮಾರಲೂ ಬರುವುದಿಲ್ಲ. ಆದರೆ ಹಕ್ಕು ಇರುವುದು ಬೇರೆ, ‘ಬೇಡ’ ಎನ್ನುವ ತ್ರಾಣ ಇರುವುದು ಬೇರೆ. ಎಯಿಚಿರೊ ಓಡಾಗೆ ಅದಿತ್ತು. ‘ಒನ್ ಪೀಸ್’ 2023ರ ಆಗಸ್ಟ್‌ನಲ್ಲಿ ಬರುವ ಮೊದಲು, ತಮಗೆ ತೃಪ್ತಿಯಾಗುವವರೆಗೆ ಬಿಡುಗಡೆ ಮಾಡುವುದಿಲ್ಲವೆಂದು ನೆಟ್‌ಫ್ಲಿಕ್ಸ್ ಒಪ್ಪಿದೆ ಎಂದು ಅವರು ಬಹಿರಂಗವಾಗಿ ಬರೆದರು. 50 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಕಥೆಯ ಒಡೆಯನ ಮಾತು ನಡೆಯುತ್ತದೆ. ಇನ್ನೊಂದು ತುದಿಯಲ್ಲಿ ‘ಥರ್ಮೇ ರೊಮೇ’ ಇದೆ. 2012ರ ಆ ಸಿನಿಮಾ 500 ಕೋಟಿ ಯೆನ್‌ಗೂ ಹೆಚ್ಚು ಗಳಿಸಿದರೆ, ಮೂಲ ಮಾಂಗಾ ಬರೆದ ಮಾರಿ ಯಮಾಜಾಕಿ ತಮಗೆ ಸಿಕ್ಕಿದ್ದು ಸುಮಾರು 10 ಲಕ್ಷ ಯೆನ್ ಎಂದರು. ಹಣದಲ್ಲೇ ಇಷ್ಟು ಹಗುರವಾಗಿ ತೂಗುವವರ ಮಾತು ಚಿತ್ರಕಥೆಯ ಕೋಣೆಯಲ್ಲಿ ಎಷ್ಟು ತೂಗೀತು? ಘನತೆ ಮಾರಾಟದ ಅಂಕಿಗೆ ತಕ್ಕಂತೆ ಸಿಗುವುದಾದರೆ ಅದು ಘನತೆಯಲ್ಲ, ರಿಯಾಯಿತಿ.

ಮುಗಿಯದ ಕಥೆಯನ್ನು ಮುಟ್ಟಲೇಬಾರದೇ? ಹಾಗೇನಿಲ್ಲ. ಹಿರೊಕಾಜು ಕೊರೆ-ಎದಾ 2015ರಲ್ಲಿ ಅಕಿಮಿ ಯೊಶಿದಾ ಅವರ ‘ಉಮಿಮಾಚಿ ಡೈರಿ’ಯನ್ನು ಸಿನಿಮಾ ಮಾಡಿದಾಗ ಮಾಂಗಾ ಇನ್ನೂ ನಡೆಯುತ್ತಿತ್ತು, ಅದು ಮುಗಿದದ್ದು 2018ರಲ್ಲಿ. ಕಾಮಾಕುರಾದ ಹಳೆಯ ಮನೆಯ ಮೂವರು ಅಕ್ಕತಂಗಿಯರು ತಂದೆಯ ಅಂತ್ಯಕ್ರಿಯೆಗೆ ಹೋಗಿ, ಮಲತಂಗಿ ಸುಜುವನ್ನು ಮನೆಗೆ ಕರೆದುಕೊಳ್ಳುತ್ತಾರೆ. ಕೊರೆ-ಎದಾ ಕೆಲವು ಋತುಗಳನ್ನಷ್ಟೇ ಎತ್ತಿಕೊಂಡರು: ಚೆರ್ರಿ ಹೂವಿನ ದಾರಿ, ಪ್ಲಮ್ ಮದ್ಯ, ಪಟಾಕಿಯ ಸಂಜೆ. ಕೊನೆಗೆ ನಾಲ್ವರೂ ಕಡಲ ತೀರದಲ್ಲಿ ನಡೆಯುತ್ತಾರೆ, ಯಾರ ಬದುಕಿಗೂ ಮುಕ್ತಾಯವಿಲ್ಲ. ಬೇರೆಯವರ ಮನೆಯಲ್ಲಿ ನಾಲ್ಕು ದಿನ ಇದ್ದವರು ಬಾಗಿಲು ಜಡಿದು ಬೀಗ ಹಾಕದೆ ಹೊರಟ ಹಾಗೆ.

ಕೊನೆಗೆ ನಮ್ಮ ಪಾಲು. 2024ರ ಆ ಗದ್ದಲದಲ್ಲಿ ಮೂಲ ಲೇಖಕಿಯ ಪರ ನಿಂತವರಲ್ಲಿ ಎಷ್ಟೋ ಜನ ಚಿತ್ರಕಥೆ ಬರೆದವರ ಮೇಲೆ ಮುಗಿಬಿದ್ದರು. ‘ನಿಷ್ಠೆ’ ಎಂಬ ಪದ ಒಬ್ಬಳನ್ನು ಕಾಯುವ ಹೆಸರಲ್ಲಿ ಇನ್ನೊಬ್ಬರನ್ನು ಹೊಡೆಯುವ ಕೋಲಾಯಿತು. ಲೇಖಕಿ ಕೇಳಿದ್ದು ಅದನ್ನಲ್ಲ. ಓದುಗರಾದ ನಾವು ಕಥೆಯನ್ನು ಪ್ರೀತಿಸುತ್ತೇವೆ, ಆದರೆ ಅದರ ಕಾವಲುಗಾರರಲ್ಲ, ನ್ಯಾಯಾಧೀಶರಂತೂ ಅಲ್ಲವೇ ಅಲ್ಲ. ತಪ್ಪಿತಸ್ಥರ ಹೆಸರು ಬರೆಯುವ ಪುಸ್ತಕ ತನ್ನ ಕೈಗೆ ಸಿಕ್ಕಿದೆ ಎಂದುಕೊಂಡವನ ಕಥೆಯನ್ನು ನಾವು ಓದಿದ್ದೇವೆ. ಅದು ಎಲ್ಲಿಗೆ ಒಯ್ಯುತ್ತದೆ ಎಂಬುದು ಆ ಪುಟಗಳಲ್ಲೇ ಇದೆ.