ಸಾವಿನ ಮನೆಗೆ ಹೋಗುವಾಗ

ನಮ್ಮ ಕಡೆ ಮದುವೆಗೆ ಕರೆದರೆ ಹೋಗುತ್ತೇವೆ, ಸಾವಿಗೆ ಕರೆಯದೆಯೇ ಹೋಗುತ್ತೇವೆ. ಗದ್ದೆಯ ಬದುವಿಗಾಗಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ನನ್ನ ಅಜ್ಜ, ಪಕ್ಕದ ಮನೆಯ ಯಜಮಾನರು ತೀರಿಕೊಂಡ ದಿನ ಹೋಗಿ ಅವರ ಜಗಲಿಯ ಮೇಲೆ ಕೂತು ಬಂದರು. ಬದುವಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ತಿಂಗಳು ಕಳೆದು ಮತ್ತೆ ಶುರುವಾಯಿತು.

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು 'ಮಾಡಿದ್ದುಣ್ಣೋ ಮಹಾರಾಯ' ಎಂದು ಬರೆದು ನಗುವ ಮುಖ ಹಾಕಿದರು. ನಾನು ಏನೂ ಹೇಳಲಿಲ್ಲ. ಹಬ್ಬಕ್ಕೆ ಸಿಗುವವರು, ಯಾಕೆ ಜಗಳ ಎಂದುಕೊಂಡೆ.

ಆ ಸುಮ್ಮನಿರುವಿಕೆ ನೆನಪಾದಾಗಲೆಲ್ಲ ಅಮೆರಿಕದ ನ್ಯೂಟೌನ್ ಎಂಬ ಊರೂ ನೆನಪಾಗುತ್ತದೆ. 2012ರ ಡಿಸೆಂಬರ್ 14ರಂದು ಅಲ್ಲಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಮಕ್ಕಳಿಗೆ ಆರೇಳು ವರ್ಷ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಬಿಗಿಯಾಗಲಿ ಎಂದು ಕೇಳಲು ಕೆಲವು ಪೋಷಕರು ವಾಷಿಂಗ್ಟನ್ನಿಗೆ ಹೋದರು. 2013ರ ಏಪ್ರಿಲ್‌ನಲ್ಲಿ ಸೆನೆಟ್ಟಿನಲ್ಲಿ ಆ ಪ್ರಸ್ತಾವಕ್ಕೆ 54 ಮತ ಬಂತು, ಬೇಕಿದ್ದದ್ದು 60. ದುಃಖವನ್ನು ರಾಜಕೀಯಕ್ಕೆ ಬಳಸುತ್ತಿದ್ದಾರೆ ಎಂಬ ಆಕ್ಷೇಪವೂ ಬಂತು.

ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾರೆ. ಮಗುವನ್ನು ಕಳೆದುಕೊಂಡವರ ಎದುರು ವಾದಿಸುವುದು ಕಷ್ಟ, ವಾದವೇ ಇಲ್ಲದೆ ಕಾನೂನು ಮಾಡುವುದು ಅಪಾಯ. ಅಲ್ಲದೆ ದುಃಖಕ್ಕೆ ಒಂದೇ ಅಭಿಪ್ರಾಯವಿಲ್ಲ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡಿನ ಶಾಲೆಯಲ್ಲಿ 17 ಜನ ಸತ್ತಾಗ, ಬದುಕುಳಿದ ವಿದ್ಯಾರ್ಥಿಗಳು ಬಂದೂಕು ನಿಯಂತ್ರಣಕ್ಕಾಗಿ ಬೀದಿಗಿಳಿದರು. ಅಲ್ಲೇ ಮಕ್ಕಳನ್ನು ಕಳೆದುಕೊಂಡ ಕೆಲವು ತಂದೆಯರು ಶಾಲೆಯ ಭದ್ರತೆ ಮೊದಲು ಸರಿಯಾಗಲಿ ಎಂದರು. ಎರಡೂ ಕಡೆಯ ಕಣ್ಣೀರು ನಿಜ. ಹಾಗಿದ್ದಮೇಲೆ ಯಾವ ಕಾನೂನು ಸರಿ ಎಂಬುದನ್ನು ಕಣ್ಣೀರೊಂದೇ ತೀರ್ಮಾನಿಸಲಾರದು.

ಆದರೆ ದುಃಖ ಬಾಯಿ ಮುಚ್ಚಿಕೊಂಡಿರಬೇಕೆ? ರಸ್ತೆಯ ಹೊಂಡಕ್ಕೆ ಬಿದ್ದು ಮಗ ಸತ್ತರೆ, ಹೊಂಡ ಮುಚ್ಚಿ ಎಂದು ತಾಯಿ ಕೂಗುತ್ತಾಳೆ. ಅವಳ ಅಳು ಎಲ್ಲಿ ಮುಗಿಯಿತು, ಬೇಡಿಕೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಹೇಗೆ?

ಗೆರೆ ಎಳೆಯಬೇಕಾದದ್ದು ಬೇರೆ ಕಡೆ. ಸ್ಯಾಂಡಿ ಹುಕ್‌ನಲ್ಲಿ ಹತ್ಯೆಯೇ ನಡೆದಿಲ್ಲ, ಅದೆಲ್ಲ ನಾಟಕ ಎಂದು ಅಲೆಕ್ಸ್ ಜೋನ್ಸ್ ತನ್ನ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಹಬ್ಬಿಸಿದ. ನಂಬಿದವರು ಆ ಪೋಷಕರನ್ನು ಬೆದರಿಸಿದರು, ಕಾಡಿದರು. 2022ರಲ್ಲಿ ಟೆಕ್ಸಸ್‌ನ ನ್ಯಾಯಾಲಯದಲ್ಲಿ ಹತ್ಯೆ ನಿಜವೆಂದು ಅವನೇ ಒಪ್ಪಿಕೊಂಡ. ಅದೇ ವರ್ಷ ಕನೆಕ್ಟಿಕಟ್‌ನ ಜ್ಯೂರಿ ಸುಮಾರು 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಕಾನೂನನ್ನು ವಿರೋಧಿಸಲು ಸಾವನ್ನು ಅಲ್ಲಗಳೆಯಬೇಕಿಲ್ಲ. 2013ರಲ್ಲಿ ವಿರುದ್ಧ ಮತ ಹಾಕಿದ ಸೆನೆಟರ್‌ಗಳೂ ಮಕ್ಕಳು ಸತ್ತಿಲ್ಲ ಎನ್ನಲಿಲ್ಲ.

ನಮ್ಮ ಗುಂಪಿನ ಆ ನಗುವ ಮುಖವೂ ಒಂದು ಬಗೆಯ ಅಲ್ಲಗಳೆಯುವಿಕೆಯೇ. ಸಾವು ನಡೆದಿದೆ, ನಷ್ಟವೇನೂ ಆಗಿಲ್ಲ ಎಂದು ಅದು ಹೇಳುತ್ತಿತ್ತು. ಹೀಗೆ ಬರೆಯುವಾಗ ನನಗೂ ನಾಚಿಕೆಯಾಗುತ್ತದೆ. ಈಚೆಗೆ ಯುವಕನೊಬ್ಬನ ಕೊಲೆಯ ಸುದ್ದಿ ಓದಿದಾಗ ನನ್ನ ಮನಸ್ಸು ಮೊದಲು ಕೇಳಿದ್ದು 'ಯಾವ ಕಡೆಯವನು?' ಎಂದೇ. ನಾನು ಒಪ್ಪದ ಪಕ್ಷದವನೆಂದು ತಿಳಿದ ಮೇಲೆ ಎದೆಯ ಭಾರ ಒಂದಿಷ್ಟು ಇಳಿಯಿತು. ನಗುವ ಮುಖ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ಆ ದಿನ ಅಜ್ಜ ಅಲ್ಲಿ ಏನು ಮಾತಾಡಿದರು ಎಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. 'ಮಾತೇ ಆಡ್ಲಿಲ್ಲ ಮಗಾ. ಕೂತ್ರು, ಎದ್ದು ಬಂದ್ರು. ಸಾವಿನ ಮನೇಲಿ ಬರ್ತೀನಿ ಅಂತಾನೂ ಹೇಳ್ಬಾರ್ದಲ್ಲ' ಎಂದಿದ್ದರು. ನಾನೂ ಮಾತಾಡಿರಲಿಲ್ಲ. ಆದರೆ ಅಜ್ಜ ಎದ್ದು ಹೋಗಿದ್ದರು.