ಬಾಣಂತಿಯ ಸೂತಕವೂ ನಮ್ಮ ಅಹಿಂಸೆಯೂ

ಹೆರಿಗೆಯಾದ ಮನೆಯವರಿಗೆ 10 ದಿನಗಳ ಸೂತಕ. ತಾಯಿಗೆ ಇನ್ನೂ ಹೆಚ್ಚು. ದೇವಪೂಜೆ, ಆಹಾರದಾನ, ಅಡುಗೆಗಳಿಂದ ಆಕೆಯನ್ನು ದೂರವಿರಿಸಿದ್ದು ದಣಿದ ದೇಹಕ್ಕೆ ವಿಶ್ರಾಂತಿಯನ್ನೂ ತಂದಿತು. ಬಸವಾಪಟ್ಟಣದಂತಹ ಊರುಗಳಲ್ಲಿ ಎಣ್ಣೆನೀರು, ಬಿಸಿಯೂಟ, ಬೆಚ್ಚಗಿನ ಕೋಣೆ ಇಂದಿಗೂ ಉಳಿದಿವೆ. ಆದರೆ ವಿಶ್ರಾಂತಿಯು ಒಂಟಿತನವಾದಾಗ ಅದನ್ನು ಆಚಾರವೆನ್ನಬಹುದೇ?

2017ರಲ್ಲಿ ರಾಜ್ಯ ಸರ್ಕಾರವು ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿದಾಗ, ಹಲವೆಡೆ ಬಾಣಂತಿಯರು ಹೊಸ್ತಿಲು ದಾಟಿ ಬರಲಾಗಲಿಲ್ಲ. ಊಟವೇನೋ ಮನೆಯಲ್ಲಿಯೂ ದೊರೆತೀತು. ಮನಸ್ಸಿನ ಅಳಲನ್ನು ಕೇಳುವವರು ಯಾರು? ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಭಾರತದಲ್ಲಿ ಹೆತ್ತ ತಾಯಂದಿರ ಪೈಕಿ ಸುಮಾರು ಶೇ. 22ರಷ್ಟು ಮಂದಿಯನ್ನು ಖಿನ್ನತೆಯು ಕಾಡುವುದೆಂದು ಅಂದಾಜಿಸಿತು. ಕಾರಣವಿಲ್ಲದೆ ಅಳುವ, ನಿದ್ರೆ ಬಾರದ ಸೊಸೆಯನ್ನು ನಾವು ಹಟಮಾರಿ ಎಂದುಬಿಡುತ್ತೇವೆ. ಹುಟ್ಟಿದ್ದು ಹೆಣ್ಣಾದರೆ, ಆಕೆಯನ್ನು ನೋಯಿಸಲು ಹಿರಿಯರ ಮೌನವೇ ಸಾಕು.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿಯೇ, ಹೊಟ್ಟೆ ಬಂದೀತೆಂಬ ಭಯದಿಂದ ಹಾಲೂಡುವ ತಾಯಿಗೆ ನೀರನ್ನು ಅಳೆದು ಕೊಡುವುದು ಪ್ರಮಾದವಲ್ಲವೇ? ಎರಡು ವಾರ ಕಳೆದರೂ ದುಃಖ ತಗ್ಗದಿದ್ದರೆ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಜ್ವರ, ಅತಿ ರಕ್ತಸ್ರಾವ, ಬದುಕೇ ಬೇಡವೆಂಬ ಮಾತು ಕಂಡುಬಂದರೆ ಅಂದೇ ಹೊರಡಬೇಕು. ಸೂತಕ ಕಳೆಯಲೆಂದು ಕಾಯಬಾರದು.